ಮೈಕ್‌ಸೆಟ್ ಅಣ್ಣಾರಿಗೆ ಒಂದ್ ಥ್ಯಾಂಕ್ಸ್

ಹೋದ ಐತವಾರ ಧಾರವಾಡದ ವಿದ್ಯಾವರ್ಧಕ ಸಂಘದಾಗ ನಮ್ಮ ಮಾಸ್ತರ ನಿವೃತ್ತಿ ಕಾರ್ಯಕ್ರಮ ಇತ್ರಿ, ನಂಗೂ ಐದ್ ನಿಮಿಷ ಮಾತಾಡು ಅಂದಿದ್ರು. 1890ರಾಗ ಹುಟ್ಟಿದ ಸಂಘ, ಎಂತೆಂಥಾ ಭಾಷಣಕಾರರನ್ನ ಕಂಡೈತಿ, ಅಲ್ಲಿ ನಾನು! ಚೀಟಿ ಹಿಡದ ಕೈ ಗಡಗಡ ನಡಗಾಕತ್ತಿತ್ತು, ಅದ್ರಾಗ "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಪುಸ್ತಕದ ಭಾಷಾ ಬ್ಯಾರೆ ಬರ್ಕೊಂಡಿದ್ದೆ, ಎರಡನೇ ಸಾಲಿಗೇ ಗಂಟಲ ಕಟ್ತು, ಗಾಬರ‍್ಯಾಗ ಮೈಕ್ ಸ್ಪೀಕರ್ ಕಡೆ ತಿರುವಿಬಿಟ್ಟೆ, ಕುಂಯ್ ಅಂತು.

ಮೈಕ್‌ಸೆಟ್ ಅಣ್ಣಾರು ಬಗ್ಗಿಕೊಂಡು ಬಂದ್ರು. ಮೈಕ್ ನೆಟ್ಟಗ ಮಾಡಿ, ಬಾಯಿಂದ ನಾಕ್ ಬೆರಳ ದೂರ ಇಟ್ಟು, ಮೆಲ್ಲಕ "ಅವಸರ ಇಲ್ರೀ ಅಕ್ಕಾರ, ನಾ ವಾಯರ್ ನೋಡಿದಂಗ ಮಾಡ್ತೀನಿ, ನೀವು ಉಸರ ತಗೋರಿ. ಚೀಟಿ ಬಿಡ್ರಿ, ಮನ್ಯಾಗ ಮಾತಾಡ್ದಂಗ ಮಾತಾಡ್ರಿ" ಅಂದ್ರು. ವಾಯರಿಗೆ ಏನೂ ಆಗಿರಲಿಲ್ಲ ಬಿಡ್ರಿ! ಆದ್ರ ಜನ ಎಲ್ಲಾ ಅವ್ರನ್ನ ನೋಡಾಕತ್ತಿದ್ರು, ನನ್ನಲ್ಲ.

ಚೀಟಿ ಮಡಚಿಟ್ಟೆ, ಮಗ್ಗಿ ತಪ್ಪಿದಾಗ ಮಾಸ್ತರು ನಂಗ ಚಾಕ್‌ಪೀಸ್ ಒಗದಿದ್ದು ಹೇಳಿದೆ, ಅವ್ರೂ ನಕ್ಕರು, ಐದ್ ನಿಮಿಷ ಹೋಗಿ ಹತ್ತಾತು.

ಮುಗದ ಮ್ಯಾಲೆ ಹುಡುಕಿದ್ರ ಅಣ್ಣಾರು ಟೆಂಪೋಕ್ಕ ಬಾಕ್ಸ್ ಏರಸಾಕತ್ತಿದ್ರು, ಎರಡು ಪೇಡೆ ಕೈಯಾಗ ಇಟ್ಟೆ, ಹೆಸರು ಕೇಳೂದ್ರಾಗ ಗಾಡಿ ಹೊಂಟೇಬಿಡ್ತು. ಇದನ್ನ ಓದಿದ್ರ, ಅಣ್ಣಾರ, ಭಾಳ ಥ್ಯಾಂಕ್ಸ್ ರೀ.