ಮಾತು ಕಲಿಸುವ ಜಾಗಕ್ಕೆ ಮತ್ತೆ ಬೀಗ ಹಾಕಬೇಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನನ್ನ ಮಗ ಬಾಯಿಬಿಟ್ಟು ಹೇಳಿದ ಮೊದಲ ಊರ ಹೆಸರು ಗುಬ್ಬಿ. ತಿಪಟೂರಿನಿಂದ ತುಮಕೂರಿಗೆ ರೈಲಿನಲ್ಲಿ ಹೋಗುವಾಗ ಬಾಣಸಂದ್ರ, ಅಮ್ಮಸಂದ್ರ, ನಿಟ್ಟೂರು ಎಲ್ಲ ಬರುತ್ತವೆ. ಅವು ಯಾವುವೂ ಅವನ ನಾಲಿಗೆಗೆ ಹತ್ತಲಿಲ್ಲ. ಗುಬ್ಬಿ ಹತ್ತಿತು. ಸ್ಟೇಷನ್ ಇನ್ನೂ ದೂರ ಇರುವಾಗಲೇ ಕಿಟಕಿ ಸರಳು ಹಿಡಿದು ‘ಗುಬ್ಬಿ ಗುಬ್ಬಿ’ ಅನ್ನುತ್ತಿದ್ದ. ಎದುರು ಸೀಟಿನವರು ಪಾಪ, ಹಕ್ಕಿ ಎಲ್ಲಿ ಅಂತ ಹೊರಗೆ ನೋಡುತ್ತಿದ್ದರು.

ಅವನಿಗೆ ಆಟಿಸಂ ಇದೆ. 2020ರ ಮಾರ್ಚ್‌ನಲ್ಲಿ ನಾಲ್ಕು ವರ್ಷ ಆಗಿತ್ತು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ತುಮಕೂರಿನ ಒಂದು ಥೆರಪಿ ಸೆಂಟರ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಒಂದು ಗಂಟೆ ಸ್ಪೀಚ್ ಥೆರಪಿ, ಒಂದು ಗಂಟೆ ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳಲು ಕಲಿಸುವುದು. ಆ ಎರಡು ಗಂಟೆಗೆ ನಮ್ಮ ಇಡೀ ದಿನ ಹೋಗುತ್ತಿತ್ತು. ಒಂದೂವರೆ ವರ್ಷ ಹೀಗೆ ಓಡಾಡಿದ ಮೇಲೆ ಅವನ ಬಾಯಲ್ಲಿ ಒಂಬತ್ತು ಪದ ಇದ್ದವು. ನಾನು ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ, ತಾರೀಕಿನ ಸಮೇತ.

ಮಾರ್ಚ್ 22ರಂದು ಜನತಾ ಕರ್ಫ್ಯೂ. ರೈಲು ನಿಂತಿತು. 25ರಿಂದ ಲಾಕ್‌ಡೌನ್. ಮುಂದಿನ ಮಂಗಳವಾರ ಬೆಳಿಗ್ಗೆ ನನ್ನ ಮಗ ತಾನೇ ಶೂ ಹಾಕಿಕೊಂಡು, ಎಡಗಾಲಿಂದು ಬಲಗಾಲಿಗೆ, ಬಾಗಿಲ ಹತ್ತಿರ ನಿಂತ. ಶುಕ್ರವಾರ ಮತ್ತೆ ನಿಂತ. ಅದರ ಮುಂದಿನ ಮಂಗಳವಾರವೂ ನಿಂತ. ಕೊರೊನಾ ಬಂದಿದೆ, ರೈಲು ಇಲ್ಲ, ಪೊಲೀಸರು ಬಿಡಲ್ಲ ಅಂತ ಬೇರೆ ಮಕ್ಕಳಿಗೆ ಹೇಳಬಹುದು. ಇವನಿಗೆ ಹೇಗೆ ಹೇಳುವುದು? ಬಾಗಿಲು ಬಡಿದ, ಅತ್ತ, ಕೈ ಕಚ್ಚಿಕೊಂಡ. ಮೇ ತಿಂಗಳ ಹೊತ್ತಿಗೆ ಶೂ ಹಾಕಿಕೊಳ್ಳುವುದನ್ನು ಬಿಟ್ಟ. ಅವನು ಶೂ ಹಾಕಿಕೊಂಡು ಅಳುವುದನ್ನು ನೋಡಲಾಗದೆ ಸಂಕಟಪಟ್ಟ ನನಗೆ, ಹಾಕಿಕೊಳ್ಳದೆ ಸುಮ್ನೆ ಕೂತಿದ್ದನ್ನು ನೋಡಿ ಅದಕ್ಕಿಂತ ಜಾಸ್ತಿ ಸಂಕಟವಾಯಿತು.

ಆಗಸ್ಟ್‌ನಲ್ಲಿ ಕ್ಯಾಲೆಂಡರ್ ತಿರುಗಿಸಿ ನೋಡಿದೆ. ಒಂಬತ್ತರಲ್ಲಿ ಎರಡು ಉಳಿದಿದ್ದವು: ಅಮ್ಮ, ಬೇಡ. ಗುಬ್ಬಿ ಹೋಗಿತ್ತು.

ಇಷ್ಟು ವರ್ಷ ಆದ ಮೇಲೆ ಈಗ ಯಾಕಮ್ಮ ಈ ಪತ್ರ ಅಂತ ನೀವು ಕೇಳಬಹುದು. ಕೇರಳದಲ್ಲಿ ನಿಫಾ ಕಾಣಿಸಿಕೊಂಡಾಗಲೆಲ್ಲ ನಮ್ಮ ಗಡಿ ಜಿಲ್ಲೆಗಳಲ್ಲಿ ಕಟ್ಟೆಚ್ಚರ ಅಂತ ಟಿವಿಯಲ್ಲಿ ಬರುತ್ತದೆ. ಕೆಳಗೆ ಓಡುವ ಆ ಸಾಲು ನೋಡಿದರೆ ನನಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಮತ್ತೆ ಎಲ್ಲ ಮುಚ್ಚಿದರೆ ಏನು ಮಾಡುವುದು ಅಂತ ಯಾರಾದರೂ ಬರೆದಿಟ್ಟಿದ್ದಾರಾ? ಹಾಸಿಗೆ, ಆಕ್ಸಿಜನ್, ಲಸಿಕೆಗೆ ಬರೆದಿಟ್ಟಿರುತ್ತೀರಿ. ನಾನು ಕೇಳುತ್ತಿರುವುದು ನನ್ನ ಮಗನಂಥ ಮಕ್ಕಳ ಬಗ್ಗೆ.

ಆಗ ಏನಾಯಿತು ಅಂತ ತಿಳಿಯಬೇಕು ಅಂತಲೇ ಆಮೇಲೆ ಕೂತು ಹಳೆಯ ಆದೇಶಗಳನ್ನು ಓದಿದೆ. ನಮ್ಮ ಮನೆಯವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸರ್ಕಾರಿ ಕಾಗದ ಓದುವ ತಾಳ್ಮೆ ಅವರಿಂದ ಬಂದಿದ್ದು. 2020ರ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್, ಮೆಡಿಕಲ್ ಸ್ಟೋರ್ ತೆರೆದಿರಲಿ ಅಂತಿದೆ. ಶಾಲೆ, ಕೋಚಿಂಗ್ ಮತ್ತು ತರಬೇತಿ ಸಂಸ್ಥೆಗಳೆಲ್ಲ ಮುಚ್ಚಲಿ ಅಂತಲೂ ಅದರಲ್ಲೇ ಇದೆ. ಹಾಗಾದರೆ ಮಾತು ಕಲಿಸುವ ಜಾಗ ಯಾವುದು? ಕ್ಲಿನಿಕ್ಕಾ, ತರಬೇತಿಯಾ?

ನಮ್ಮ ಅತ್ತೆ ಬೀದಿಯವರಿಗೆ ಹೇಳುತ್ತಿದ್ದುದೇ ‘ಮಗೂನ ಕ್ಲಾಸಿಗೆ ಕರ್ಕೊಂಡು ಹೋಗವ್ಳೆ’ ಅಂತ. ಸೆಂಟರ್‌ನ ಬೋರ್ಡಿನಲ್ಲೂ ‘ತರಬೇತಿ ಕೇಂದ್ರ’ ಅಂತಲೇ ಇತ್ತು. ಅಲ್ಲಿಯ ಮೇಡಂ ಬಾಗಿಲು ತೆಗೆಯಬಹುದಾ ಅಂತ ಕೇಳಿಕೊಂಡು ಹೋದರೆ, ಕೇಳಿದ ಕಡೆಯೆಲ್ಲ ಬೋರ್ಡ್ ತೋರಿಸಿ ಇದು ಕೋಚಿಂಗ್ ಲೆಕ್ಕಕ್ಕೆ ಬರುತ್ತೆ ಅಂದರಂತೆ. ಯಾರ ಮೇಲೂ ತಪ್ಪು ಹೊರಿಸಲು ನಾನಿದನ್ನು ಬರೆಯುತ್ತಿಲ್ಲ. ಆ ದಿನಗಳಲ್ಲಿ ಎಲ್ಲರಿಗೂ ಹೆದರಿಕೆ ಇತ್ತು. ಕಾಗದದಲ್ಲಿ ಒಂದು ಪದ ಇದ್ದಿದ್ದರೆ ಸಾಕಿತ್ತು.

ಏಪ್ರಿಲ್ 15ರ ಆದೇಶ ಇನ್ನೂ ವಿಚಿತ್ರ. ಅಂಗವಿಕಲರ, ಬುದ್ಧಿಮಾಂದ್ಯರ ಆಶ್ರಮಗಳು ನಡೆಯಬಹುದು ಅಂತ ಅದರಲ್ಲಿದೆ. ಒಳ್ಳೆಯದೇ. ಆದರೆ ಅಪ್ಪ ಅಮ್ಮನ ಜೊತೆ ಸ್ವಂತ ಮನೆಯಲ್ಲಿರುವ ಮಗು? ಅದರ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ಓಡಾಡಲು ಪಾಸ್ ಕೊಡಿ ಅಂತ ಕೇಂದ್ರದ ಇಲಾಖೆ ಹೇಳಿತ್ತು, ಸರಿ. ಪಾಸ್ ಹಿಡಿದು ಮುಚ್ಚಿದ ಬಾಗಿಲಿಗೆ ಹೋಗಿ ಏನು ಮಾಡಲಿ?

ಅದು ಕೇಂದ್ರದ ಆದೇಶ ಅಂತ ನೀವು ಹೇಳುವ ಮೊದಲೇ ಒಂದು ಮಾತು. ಅದೇ ವರ್ಷ ನಮ್ಮ ರಾಜ್ಯವೂ ತನ್ನದೇ ಕಾನೂನು ಮಾಡಿಕೊಂಡಿತು, ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಅಂತೂ ವಿಪತ್ತಿನ ಸಮಯದಲ್ಲಿ ಅಂಗವಿಕಲರಿಗೂ ಸಮಾನ ರಕ್ಷಣೆ ಸಿಗಬೇಕು ಅನ್ನುತ್ತದೆ. ಆಟಿಸಂ ಆ ಕಾಯ್ದೆಯ ಪಟ್ಟಿಯಲ್ಲೇ ಇದೆ. ನಿಮ್ಮ ಕೈಯಲ್ಲಿ ಅಧಿಕಾರ ಇಲ್ಲ ಅಂತ ನನಗಂತೂ ಅನ್ನಿಸುವುದಿಲ್ಲ.

ಬೇರೆ ಕಡೆ ಇದು ಯಾರಿಗೂ ಹೊಳೆಯಲಿಲ್ಲ ಅಂತಲ್ಲ. ಬ್ರಿಟನ್‌ನಲ್ಲೂ ಆಗ ದಿನಕ್ಕೆ ಒಂದೇ ಸಲ ವ್ಯಾಯಾಮಕ್ಕೆ ಹೊರಗೆ ಬರಬೇಕು, ಮನೆಯ ಹತ್ತಿರವೇ ಇರಬೇಕು ಅಂತಿತ್ತು. ಆಟಿಸಂ ಇರುವ ಮಕ್ಕಳ ಎರಡು ಕುಟುಂಬಗಳು ವಕೀಲರನ್ನು ಹಿಡಿದು ಪ್ರಶ್ನೆ ಮಾಡಿದವು. 2020ರ ಏಪ್ರಿಲ್‌ನಲ್ಲೇ ಅಲ್ಲಿಯ ಸರ್ಕಾರ ಮಾರ್ಗಸೂಚಿ ತಿದ್ದಿತು. ಇಂಥ ತೊಂದರೆ ಇರುವವರು ಒಂದಕ್ಕಿಂತ ಹೆಚ್ಚು ಸಲ ಹೊರಗೆ ಹೋಗಬಹುದು, ಬೇಕಾದರೆ ದೂರವೂ ಹೋಗಬಹುದು ಅಂತ ಬರೆಯಿತು. ನನಗೆ ಇದು ಗೊತ್ತಾಗಿದ್ದು ಮೂರು ವರ್ಷ ಕಳೆದ ಮೇಲೆ. ಆ ದಿನಗಳಲ್ಲಿ ಮಗನನ್ನು ರೈಲು ನಿಲ್ದಾಣದ ಗೇಟಿನವರೆಗೆ ನಡೆಸಿಕೊಂಡು ಹೋಗಿ, ಖಾಲಿ ಹಳಿ ತೋರಿಸಿಕೊಂಡು ಬಂದಿದ್ದರೂ ಅವನಿಗೆ ಸ್ವಲ್ಪ ಅರ್ಥವಾಗುತ್ತಿತ್ತೇನೋ.

ಫೋನ್ ಥೆರಪಿ ಇತ್ತಲ್ಲ ಅನ್ನುತ್ತಾರೆ. ಇತ್ತು. ಅದರ ಬಗ್ಗೆ ನಿಜ ಹೇಳಬೇಕು. ಮೇಡಂ ವಿಡಿಯೊ ಕಾಲ್ ಮಾಡುತ್ತಿದ್ದರು. ಮಗ ತೆರೆಯ ಮೂಲೆಯಲ್ಲಿ ಕಾಣುವ ತನ್ನ ಮುಖವನ್ನೇ ನೋಡುತ್ತಿದ್ದ. ಎರಡು ನಿಮಿಷ ಆದ ಮೇಲೆ ಕೆಂಪು ಬಟನ್ ಒತ್ತಿ ಕಾಲ್ ಕಟ್ ಮಾಡುತ್ತಿದ್ದ. ಅವನಿಗೆ ಅದೇ ಆಟ. ಮೂರು ವಾರ ಹೀಗೇ ಹೋಯಿತು. ನಾಲ್ಕನೇ ವಾರ ಮೇಡಂ, ‘ಇವ್ನು ಬೇಡ ಅಕ್ಕ, ನೀವು ಕೂತ್ಕೊಳ್ಳಿ, ನಿಮಗೇ ಹೇಳಿಕೊಡ್ತೀನಿ’ ಅಂದರು.

ಅಲ್ಲಿಂದ ಸ್ವಲ್ಪ ದಾರಿ ಕಂಡಿತು. ಪಾತ್ರೆಯಿಂದ ಪಾತ್ರೆಗೆ ರಾಗಿ ಸುರಿಸುವುದು. ಕಂಬಳಿಯಲ್ಲಿ ಸುತ್ತಿ ಬೆನ್ನಿನ ಮೇಲೆ ಮೆಲ್ಲಗೆ ಒತ್ತುವುದು. ಸಿಪ್ಪೆ ಇರುವ ತೆಂಗಿನಕಾಯಿಯನ್ನು ಅಂಗಳದ ಈ ಕಡೆಯಿಂದ ಆ ಕಡೆಗೆ ತಳ್ಳಿಸುವುದು (ಅದು ನಮ್ಮೂರಿನಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ). ಸ್ಟ್ರಾದಲ್ಲಿ ಮಜ್ಜಿಗೆ ಕುಡಿಸುವುದು. ಏನಾದರೂ ಕೊಡುವ ಮೊದಲು ಅವನು ನನ್ನ ಕಡೆ ನೋಡುವವರೆಗೆ ಕಾಯುವುದು. ಈ ಕಾಯುವುದೇ ಕಷ್ಟ, ನನಗೆ ಮೊದಲಿಂದಲೂ ಅವಸರ. ಒಂದೂವರೆ ವರ್ಷ ಸೆಂಟರ್‌ನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆನಲ್ಲ, ಒಳಗೆ ಏನು ಮಾಡುತ್ತಾರೆ ಅಂತ ನನಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಈ ಒಂದು ವಿಷಯದಲ್ಲಿ ಲಾಕ್‌ಡೌನ್‌ನಿಂದ ಲಾಭವಾಯಿತು ಅಂತಲೇ ಹೇಳುತ್ತೇನೆ.

ಆದರೆ ಇದು ನನಗೆ ಸಿಕ್ಕಿದ್ದು ಯಾಕೆ? ಸ್ಮಾರ್ಟ್‌ಫೋನ್ ಇತ್ತು, ಟವರ್ ಹತ್ತಿರ ಇತ್ತು, ಆ ಮೇಡಂ ಒಳ್ಳೆಯವರಾಗಿದ್ದರು. ಸುಳ್ಯ ತಾಲೂಕಿನಲ್ಲಿ ನೆಟ್‌ವರ್ಕ್ ಸಿಗುವ ಜಾಗದಲ್ಲಿ ಮಗಳು ಕೂತು ಓದುವಾಗ ಮಳೆಗೆ ಕೊಡೆ ಹಿಡಿದು ನಿಂತ ಅಪ್ಪನ ಫೋಟೊ 2021ರಲ್ಲಿ ಎಲ್ಲ ಕಡೆ ಬಂತಲ್ಲ, ನೀವೂ ನೋಡಿರುತ್ತೀರಿ. ನನ್ನ ಮಗನಂಥವನನ್ನು ಕೊಡೆಯ ಕೆಳಗೆ ಕೂರಿಸಲು ಆಗುವುದಿಲ್ಲ.

ಆ ಇಡೀ ಕಾಲದಲ್ಲಿ ನಮ್ಮ ಮನೆಗೆ ತಪ್ಪದೆ ಬಂದವರು ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆ. ಟೀಚರ್ ಹೆಸರುಕಾಳು, ಬೆಲ್ಲ ಇರುವ ಚೀಲ ಹಿಡಿದು ಬರುತ್ತಿದ್ದರು. ಆಶಾ ಅಕ್ಕ ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ ಅಂತ ಬರೆದುಕೊಳ್ಳುತ್ತಿದ್ದರು. ಇಬ್ಬರಿಗೂ ನನ್ನ ಮಗನ ಹೆಸರು ಗೊತ್ತು. ಆ ಚೀಲದಲ್ಲಿ ಒಂದು ಹಾಳೆ ಇದ್ದಿದ್ದರೆ! ರಾಗಿ ಸುರಿಸಿ, ಕಂಬಳಿ ಸುತ್ತಿ, ಕಾಯಿರಿ ಅಂತ ಚಿತ್ರ ಹಾಕಿದ ಕನ್ನಡದ ಒಂದೇ ಒಂದು ಹಾಳೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಂಥ ಹಾಳೆ ಮಾಡಿಕೊಡಿ ಅಂದರೆ ಎರಡು ದಿನದ ಕೆಲಸ.

ಇನ್ನೊಂದು ಗುಂಪಿನ ಮಕ್ಕಳ ವಿಷಯವನ್ನೂ ಇಲ್ಲೇ ಹೇಳಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ಚಿಕ್ಕ ಮಕ್ಕಳನ್ನು ನೋಡುವುದು ಅಂಗನವಾಡಿಯಲ್ಲಿ. ನಮ್ಮ ರಾಜ್ಯದಲ್ಲಿ ಅಂಗನವಾಡಿಗೆ ಮಕ್ಕಳು ಮತ್ತೆ ಬಂದದ್ದು 2021ರ ನವೆಂಬರ್‌ನಲ್ಲಿ. ಒಂದೂವರೆ ವರ್ಷಕ್ಕೂ ಜಾಸ್ತಿ ಬಾಗಿಲು ಮುಚ್ಚಿತ್ತು. ಎರಡು ವರ್ಷದ ಮಗು ಕರೆದರೆ ತಿರುಗುವುದಿಲ್ಲ, ಬೆರಳು ತೋರಿಸುವುದಿಲ್ಲ ಅಂತ ಆಗ ಯಾರು ಗುರುತಿಸಬೇಕಿತ್ತು? ‘ಕೊರೊನಾ ಟೈಮಲ್ಲಿ ಹುಟ್ಟಿದ್ದು, ಜನ ನೋಡಿಲ್ಲ, ಅದಕ್ಕೇ ಮಾತಾಡಲ್ಲ’ ಅಂತ ಹೇಳಿಕೊಂಡು ನಾಲ್ಕೈದು ವರ್ಷದವರೆಗೆ ಕಾದ ತಾಯಂದಿರು ನನಗೇ ಮೂವರು ಗೊತ್ತು. ಕೆಲವು ಮಕ್ಕಳ ವಿಷಯದಲ್ಲಿ ಆ ಮಾತು ನಿಜವೂ ಇರಬಹುದು. ಈ ಮೂವರ ಮಕ್ಕಳ ವಿಷಯದಲ್ಲಿ ಅಲ್ಲ.

ನೀವು ಟೆಲಿ ಮಾನಸ್ ಅನ್ನುತ್ತೀರಿ, ಮಾನಸಿಕ ಆರೋಗ್ಯದ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಅದರಿಂದ ಉಪಯೋಗ ಇದೆ. ಪಕ್ಕದ ಬೀದಿಯ ಪಿಯುಸಿ ಹುಡುಗಿಗೆ ನಾನೇ ಆ ನಂಬರ್ ಬರೆದುಕೊಟ್ಟಿದ್ದೆ. ಎರಡನೇ ಅಲೆಯಲ್ಲಿ ಅಪ್ಪನನ್ನು ಕಳೆದುಕೊಂಡು ಕೋಣೆ ಬಿಟ್ಟು ಹೊರಗೆ ಬರದೆ ಇದ್ದವಳು, ಈಗ ಕಾಲೇಜು ಮುಗಿಸಿದ್ದಾಳೆ. ಆದರೆ ಮಾತು ಬಾರದ ಮಗು 14416ಕ್ಕೆ ಫೋನ್ ಮಾಡುವುದಿಲ್ಲ ಅಲ್ವಾ? ಅದಕ್ಕೆ ಬೇಕಾಗಿರುವುದು ನೆಲದ ಮೇಲೆ ಚಾಪೆ ಹಾಸಿ ಎದುರು ಕೂರುವ ಒಬ್ಬ ಮನುಷ್ಯ.

ಆ ಮನುಷ್ಯ ನಮ್ಮ ತಾಲೂಕುಗಳಿಗೆ ಬರಲು ನಿಮ್ಮಲ್ಲಿ ಒಂದು ದಾರಿ ಈಗಾಗಲೇ ಇದೆ. 2014ರಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಮಾಡಿದಿರಿ, ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಆ ಗಾಡಿಯಲ್ಲಿ ಒಬ್ಬ ಸ್ಪೀಚ್ ಥೆರಪಿಸ್ಟ್‌ಗೂ ಸೀಟು ಕೊಡಿ. ಮನೋವೈದ್ಯರು ನನ್ನ ಮಗನಿಗೆ ಮಾತ್ರೆ ಬರೆಯಬಹುದು, ನಿದ್ದೆ ಸರಿಯಾಗಬಹುದು. ಮಾತು ಕಲಿಸಲು ಅವರಿಗೆ ಸಮಯವೂ ಇಲ್ಲ, ಅದು ಅವರ ಕೆಲಸವೂ ಅಲ್ಲ. ಥೆರಪಿಸ್ಟ್ ತಿಂಗಳಿಗೆ ಎರಡು ಸಲ ಬಂದು ತಾಯಂದಿರಿಗೆ ಹೇಳಿಕೊಟ್ಟು ಹೋದರೂ ಸಾಕು, ಉಳಿದ ದಿನ ನಾವು ಮಾಡಿಕೊಳ್ಳುತ್ತೇವೆ. ಫೋನಿನಲ್ಲಿ ಕಲಿತು ಮಾಡಿದವಳು ನಾನು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಇನ್ನು ಆದೇಶದ ಮಾತು. ಮುಂದಿನ ಸಲ ಎಲ್ಲ ಮುಚ್ಚಬೇಕಾಗಿ ಬಂದರೆ, ತೆರೆದಿರುವ ಪಟ್ಟಿಯಲ್ಲಿ ಮೆಡಿಕಲ್ ಸ್ಟೋರ್ ಪಕ್ಕದಲ್ಲಿ ‘ಮಕ್ಕಳ ಥೆರಪಿ ಕೇಂದ್ರ’ ಅಂತ ಸೇರಿಸಿ. ಒಂದು ಸಲಕ್ಕೆ ಒಂದೇ ಮಗು, ಒಬ್ಬರೇ ಪೋಷಕರು, ಕಿಟಕಿ ತೆರೆದಿರಲಿ, ಏನು ನಿಯಮ ಬೇಕಾದರೂ ಹಾಕಿ. ಮಾಸ್ಕ್ ವಿಷಯದಲ್ಲಿ ಮಾತ್ರ ಸ್ವಲ್ಪ ನೋಡಿ, ಮುಖಕ್ಕೆ ಬಟ್ಟೆ ತಾಗಿದರೆ ಸಹಿಸದ ಮಕ್ಕಳು ಇವರು. ಥೆರಪಿಸ್ಟ್ ಮಾಸ್ಕ್ ಹಾಕಿದರೂ ಕಷ್ಟವೇ. ತುಟಿ ಕಾಣದೆ ಮಾತು ಕಲಿಯುವುದು ಹೇಗೆ? ಪಾರದರ್ಶಕ ಮುಖಗವಸು ಸಿಗುತ್ತದೆ, ಅದನ್ನು ಕೊಡಿಸಿ. ಹೊರಗೆ ಹೋಗಲೇಬೇಕಾದ ಮಗುವಿಗೆ ಒಂದು ಚೀಟಿ ಕೊಡಿ, ಪೊಲೀಸರಿಗೆ ತೋರಿಸಲು. ಇಂಥ ಕೇಂದ್ರಗಳ ಬಾಡಿಗೆಯ ವಿಷಯವನ್ನೂ ಯೋಚಿಸಿ. ನಾವು ಹೋಗುತ್ತಿದ್ದ ಸೆಂಟರ್ ಮಧ್ಯೆ ಸ್ವಲ್ಪ ದಿನ ತೆರೆದಿತ್ತು, 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಮುಚ್ಚಿದ್ದು ಮುಚ್ಚಿದ್ದೇ. ಬಾಡಿಗೆ ಕಟ್ಟಲಾಗದೆ ಖಾಲಿ ಮಾಡಿದರು. ಮೇಡಂ ಊರಿಗೆ ಹೋಗಿಬಿಟ್ಟರು. ಅಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಗುಬ್ಬಿ ವಾಪಸ್ ಬಂತಾ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಂತು, 2022ರಲ್ಲಿ. ರೈಲಿನಲ್ಲಿ ಅಲ್ಲ. ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದೆ, ಒಂದು ಗುಬ್ಬಿ ಬಂದು ಮೊರದ ಹತ್ತಿರ ಕೂತಿತು. ಅದು ಗುಬ್ಬಿ ಕಣಪ್ಪ ಅಂದೆ. ಅವನು ಹಕ್ಕಿ ನೋಡಲಿಲ್ಲ. ಎದ್ದು ಒಳಗೆ ಹೋಗಿ ಶೂ ತಂದು ನನ್ನ ಮುಂದೆ ಇಟ್ಟು ‘ಗುಬ್ಬಿ’ ಅಂದ. ಶೂ ಅವನ ಕಾಲಿಗೆ ಎರಡು ಸೈಜ್ ಚಿಕ್ಕದಾಗಿತ್ತು.

ಈಗ ಅವನು ಸರ್ಕಾರಿ ಶಾಲೆಗೆ ಹೋಗುತ್ತಾನೆ. ಸಣ್ಣ ಸಣ್ಣ ವಾಕ್ಯ ಹೇಳುತ್ತಾನೆ. ಥೆರಪಿಗೆ ಇನ್ನೂ ಬೇರೆ ಊರಿಗೇ ಹೋಗುತ್ತಿದ್ದೇವೆ, ಮಂಗಳವಾರ. ತಿಪಟೂರಿನ ಆಸ್ಪತ್ರೆಗೆ ಥೆರಪಿಸ್ಟ್ ಯಾವ ಮಂಗಳವಾರದಿಂದ ಬರುತ್ತಾರೆ ಅಂತ ನಿಮ್ಮ ಕಚೇರಿಯಿಂದ ಒಂದು ಸಾಲು ಬರೆಸಿ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ
ತಿಪಟೂರು