ಮಗಳಿಗೊಂದು ಪತ್ರ: ಪರ್ಪಾಟಕದ ಗೆಣ್ಣು ನೋಡು

ಪ್ರೀತಿಯ ಪುಟ್ಟಿಗೆ,

ಪರ್ಪಾಟಕ ಎಂಬ ಪುಟ್ಟ ಔಷಧಿ ಕಳೆಯ ಬಗ್ಗೆ ನೀನು ಬರೆದ ವಿವರಣೆ ಓದಿದೆ. ಎಲೆಯ ಅಳತೆ, ಹೂವಿನ ಬಣ್ಣ ಎಲ್ಲ ಸರಿಯಾಗಿದೆ. ಆದರೆ ಗಿಡದ ಗುರುತು ಹಿಡಿಸುವ ಎರಡು ಸಂಗತಿಗಳೇ ಬಿಟ್ಟುಹೋಗಿವೆ. ಗಿಡ ಬಾಡುವ ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ಇನ್ನೊಮ್ಮೆ ನೋಡು.

ಮೊದಲು ಗೆಣ್ಣು, ಅಂದರೆ ಕಾಂಡದಲ್ಲಿ ಎಲೆ ಹುಟ್ಟುವ ಜಾಗ. ಎದುರುಬದುರಾಗಿ ಕೂತ ಎರಡು ಎಲೆಗಳ ಬುಡವನ್ನು ಜೋಡಿಸುತ್ತ ಕಾಂಡವನ್ನು ಬಳಸಿದ ತೆಳು ಪರೆ ಇದೆಯಲ್ಲ, ಅದೇ ಕಾವಿನೆಲೆ. ಅಂಚಿನಲ್ಲಿ ಬಿರುಗೂದಲಿನಂಥ ಕೆಲವು ಹಲ್ಲುಗಳಿರುತ್ತವೆ. ಕಾಫಿ ಕೊಂಬೆಯಲ್ಲೂ ಕೇಪಳದಲ್ಲೂ ಇದೇ ಜಾಗದಲ್ಲಿ ಚೂಪು ತುದಿಯ ಪರೆ ಸಿಗುತ್ತದೆ. ಗೇಣುದ್ದದ ಈ ಕಳೆ ಕಾಫಿಯ ಬಳಗದ್ದು ಎಂದು ಹೂವಿಲ್ಲದಾಗಲೂ ಹೇಳಬಲ್ಲದ್ದು ಇದೇ. ಒಣಗಿದ ಮೇಲೆ ಹಲ್ಲುಗಳು ಮುರಿಯುತ್ತವೆ, ಹಸಿ ಗಿಡದಲ್ಲೇ ಎಣಿಸಿ ಬರೆದುಕೋ.

ಎರಡನೆಯದು ಹೂಗೊಂಚಲಿನ ತೊಟ್ಟು. ಎಲೆಯ ಕಂಕುಳಿಂದ, ಅಂದರೆ ಎಲೆ ಕಾಂಡಕ್ಕೆ ಸೇರುವ ಮೂಲೆಯಿಂದ, ನೂಲಿನಂಥ ಒಂದೇ ಕಾವು ಸುಮಾರು 1 ಸೆಂ.ಮೀ. ಹೊರಟು, ತುದಿಯಲ್ಲಿ 2ರಿಂದ 5 ಹೂಗಳಾಗಿ ಕವಲೊಡೆಯುತ್ತದೆ. ಕೆಲವೊಮ್ಮೆ ಒಂದೇ ಹೂವಿರುವುದೂ ಉಂಟು, ಹಾಗಾಗಿ ಒಂದು ಗೆಣ್ಣು ನೋಡಿ ತೀರ್ಮಾನಿಸಬೇಡ, ಐದಾರು ನೋಡು. ಇದರ ಹತ್ತಿರದ ಸಂಬಂಧಿ ಓಲ್ಡನ್‌ಲ್ಯಾಂಡಿಯ ಡಿಫ್ಯೂಸಾದಲ್ಲಿ ಈ ಸಾಮಾನ್ಯ ಕಾವಿಲ್ಲ, ಒಂದೋ ಎರಡೋ ಹೂ ನೇರ ಕಂಕುಳಲ್ಲೇ ಇರುತ್ತವೆ. ಓಲ್ಡನ್‌ಲ್ಯಾಂಡಿಯ ಅಂಬೆಲ್ಲಾಟದಲ್ಲಿ ಕಾವಿದೆ, ಆದರೆ ತುದಿಯಲ್ಲಿ ಹೂಗಳು ಹೆಚ್ಚು, ಛತ್ರಿಯಂತೆ ಒತ್ತಾಗಿರುತ್ತವೆ. ಬಟ್ಟೆಗೆ ಕೆಂಪು ಬಣ್ಣ ಕೊಡುತ್ತಿದ್ದ ಚಾಯ್ ಬೇರು ಅದರದ್ದೇ. ಎಂಥ ಚಂದದ ಬಣ್ಣ ಅದು!

ಹೂವನ್ನು ಬೆಳಿಗ್ಗೆಯೇ ನೋಡು, ಬಾಡಿದರೆ ಏನೂ ತಿಳಿಯುವುದಿಲ್ಲ. ದಳ 4, ಕೇಸರ 4. ಅಂಡಾಶಯ ದಳಗಳ ಕೆಳಗಿದೆ, ಅದಕ್ಕೇ ಕಾಯಿಯ ನೆತ್ತಿಯಲ್ಲಿ ಪುಷ್ಪಪತ್ರದ (ದಳಗಳ ಹೊರಗಿನ ಹಸಿರು ಸುತ್ತಿನ) ನಾಲ್ಕು ಹಲ್ಲುಗಳು ಉಳಿದಿರುತ್ತವೆ. 2 ಮಿ.ಮೀ. ಕೂಡ ಇಲ್ಲದ ಆ ಗುಂಡು ಕಾಯಿ ನೆತ್ತಿಯಲ್ಲಿ ಬಿರಿಯುತ್ತದೆ.

ಬರೀ ಪರ್ಪಾಟಕ ಎಂದು ಬರೆದು ಬಿಡಬೇಡ. ಉತ್ತರ ಭಾರತದಲ್ಲಿ ಆ ಹೆಸರು ಫ್ಯೂಮೇರಿಯಾ ಎಂಬ ಬೇರೆ ಗಿಡಕ್ಕೆ, ತಮಿಳುನಾಡಿನಲ್ಲಿ ಮೊಲ್ಲುಗೊ ಸರ್ವಿಯಾನಾ ಎಂಬ ಇನ್ನೊಂದು ಗಿಡಕ್ಕೆ, ಕೇರಳದಲ್ಲಿ ನಿನ್ನ ಈ ಗಿಡಕ್ಕೆ. ಮೊಲ್ಲುಗೊದಲ್ಲಿ ಎಲೆಗಳು ಗೆಣ್ಣಿನ ಸುತ್ತ ಸುತ್ತಾಗಿ ಬರುತ್ತವೆ, ಅಂಡಾಶಯ ಮೇಲಿರುತ್ತದೆ. ಔಷಧಿಗೆ ಒಣಗಿಸಿ ಮಾರುವಾಗ ಇವು ಬೆರೆತುಹೋಗುವುದು ಈ ಒಂದೇ ಹೆಸರಿನಿಂದ. ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಕೊಟ್ಟ ಶಾಸ್ತ್ರೀಯ ಹೆಸರು ಬರೆ: ಓಲ್ಡನ್‌ಲ್ಯಾಂಡಿಯ ಕೋರಿಂಬೋಸ. ಹಳೆಯ ಪುಸ್ತಕಗಳಲ್ಲಿ ಇದು ಹೆಡಿಯೋಟಿಸ್ ಕೋರಿಂಬೋಸ ಎಂದಿದ್ದರೆ ಗಾಬರಿಯಾಗಬೇಡ.

ಗಿಡವನ್ನು ಒಣಗಿಸಿ ಹಾಳೆಯ ಮೇಲೆ ಕಾದಿಡಲು ಒತ್ತುವಾಗ ಬೇರು ಸಮೇತ ಕಿತ್ತು, ಮಣ್ಣು ತೊಳೆದು, ನೀರು ಒರೆಸಿ ಪತ್ರಿಕೆಯ ಮಡಿಕೆಯಲ್ಲಿಡು. ಮೊದಲ ಮೂರು ದಿನ ದಿನಾ ಕಾಗದ ಬದಲಿಸು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಎಲೆಯ ಅಂಚು ಹಿಂದಕ್ಕೆ ಸುರುಳುವ ಗಿಡವಿದು, ಕೆಲವು ಎಲೆಗಳನ್ನು ಮಗುಚಿ ಬೆನ್ನು ಕಾಣುವಂತೆ ಇಡು. ಬಿಳಿ ದಳ ಒಣಗಿ ಕಂದಾಗುತ್ತದೆ, ಬಣ್ಣ ಅವತ್ತೇ ಬರೆದಿಡು. ಬಿರಿದ ಕಾಯಿಗಳ ಬೀಜ ಧೂಳಿನಷ್ಟು ಸಣ್ಣದು, ಉದುರಿ ಕಳೆದುಹೋಗುತ್ತದೆ. ಅದಕ್ಕೊಂದು ಪುಟ್ಟ ಕಾಗದದ ಪೊಟ್ಟಣ ಮಡಿಸಿ ಹಾಳೆಯ ಮೂಲೆಗೆ ಅಂಟಿಸು.

ನಿನ್ನ
ಅಮ್ಮ