ಮಗ್ಗಿನಲ್ಲಿದ್ದದ್ದು ಚಹಾ

ನಿಶಿ ಕಸಾಯ್, ಟೋಕಿಯೋ
ಡಿಸೆಂಬರ್ 21

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ, ಅಲ್ಲೂ ಎಲ್ಲರೂ ಹಾಗೇ ಅಂದುಕೊಂಡಿದ್ದೇನೆ. ಕಾಗದ ಬಂತು. ನಾನು ಮಗ್ಗು ಹಿಡಿದು ಕೂತ ಫೋಟೊವನ್ನು ಸುಧಾ ಫೇಸ್‌ಬುಕ್‌ಗೆ ಹಾಕಿದ್ದು ನೋಡಿ, ನನ್ನ ಜಾತಕ ಒಯ್ದ ಸಾಗರದ ಗಂಡಿನ ಮನೆಯವರು "ಹುಡುಗಿ ಬಾರಿಗೂ ಹೋಗ್ತಾಳಾ" ಅಂದರಂತಲ್ಲ, ಅವರಿಗೆ ಹೇಳಬೇಕಾದ್ದೆಲ್ಲ ಕೆಳಗಿದೆ. ಬೇಕಾದರೆ ಈ ಕಾಗದವನ್ನೇ ಅವರಿಗೆ ಓದಿ ಹೇಳು.

ಮೊದಲು ಆ ಮಗ್ಗು. ಅದರಲ್ಲಿದ್ದದ್ದು ಊಲಾಂಗ್ ಚಹಾ. ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಐಸ್. ಇಜಕಾಯ ಅನ್ನುವ ಇಲ್ಲಿನ ಊಟ-ಕುಡಿತದ ಅಂಗಡಿಗಳಲ್ಲಿ ಬಿಯರ್ ಮಗ್ಗಿನಲ್ಲೇ ಇದನ್ನೂ ಕೊಡುವುದರಿಂದ ಫೋಟೊದಲ್ಲಿ ವಿಸ್ಕಿಯ ಬಣ್ಣ ಬಂದಿದೆ. ಇದೇ ಚಹಾಕ್ಕೆ ಶೋಚು ಅನ್ನುವ ಮದ್ಯ ಬೆರೆಸಿ ಕುಡಿಯುವವರೂ ಇದ್ದಾರೆ, ಕಣ್ಣಿಗೆ ಎರಡೂ ಒಂದೇ. ಒಂದೇ ಟ್ರೇಯಲ್ಲಿ ಹತ್ತು ಮಗ್ಗು ಬಂದಾಗ ಅದಲುಬದಲಾಗುವುದು ಅಲ್ಲೇ. ಅದಕ್ಕೇ ಎಷ್ಟೋ ಕಡೆ ಮದ್ಯವಿಲ್ಲದ್ದಕ್ಕೆ ಸ್ಟ್ರಾ ಹಾಕಿ ಕೊಡುತ್ತಾರೆ. ಫೋಟೊ ದೊಡ್ಡದು ಮಾಡಿ ನೋಡಲಿ, ಸ್ಟ್ರಾ ಇದೆ. ಆಲ್ಕೋಹಾಲ್ ರಹಿತ ಬಿಯರನ್ನೂ ನಾನು ಮುಟ್ಟುವುದಿಲ್ಲ. ಇಲ್ಲಿನ ಕಾನೂನಿನಲ್ಲಿ ಶೇ. 1ಕ್ಕಿಂತ ಕಡಿಮೆ ಇದ್ದರೆ ಅದು ಮದ್ಯವೇ ಅಲ್ಲ, ಅದಕ್ಕೇ ಡಬ್ಬಿಯ ಮೇಲೆ 0.00 ಅಂತ ಇದೆಯೋ ನೋಡಿಕೊಳ್ಳಬೇಕು.

ಇನ್ನು ಹೋಗಿದ್ದು ಯಾಕೆ ಅಂದರೆ, ಅದು ಆಫೀಸಿನ ಬೋನೆನ್‌ಕಾಯ್, ವರ್ಷ ಮುಗಿಸುವ ಕೂಟ. ಡಿಸೆಂಬರ್ 28ರ ಸುಮಾರಿಗೆ ಆಫೀಸುಗಳು ಮುಚ್ಚುತ್ತವೆ, ಅದರೊಳಗೆ ವಿಭಾಗದವರೆಲ್ಲ ಒಂದು ಸಂಜೆ ಸೇರುವುದು ವಾಡಿಕೆ. ಕಿರಿಯನೊಬ್ಬನ ತಲೆಗೆ ಏರ್ಪಾಡು ಕಟ್ಟುತ್ತಾರೆ. ಅವನು ಜಾಗ ಕಾದಿರಿಸಿ ತಲಾ 5000 ಯೆನ್ ವಸೂಲಿ ಮಾಡುತ್ತಾನೆ, ನಮ್ಮ ಲೆಕ್ಕದಲ್ಲಿ 3000 ರೂಪಾಯಿಯ ಹತ್ತಿರ. ಎರಡು ಗಂಟೆ, ಬೇಕಾದಷ್ಟು ಕುಡಿಯಬಹುದು, ಆದರೆ ಮುಗಿಯಲು ಅರ್ಧ ಗಂಟೆ ಇರುವಾಗಲೇ ಕೊನೆಯ ಆರ್ಡರ್. ಎಲ್ಲರ ಮುಂದೆ ಮಗ್ಗು ಬಂದು "ಕಂಪಾಯ್" ಅನ್ನುವ ತನಕ ಯಾರೂ ತುಟಿಗೆ ಸೋಕಿಸುವಂತಿಲ್ಲ, ಚಹಾದವರೂ. ತನ್ನ ಲೋಟಕ್ಕೆ ತಾನೇ ಬಗ್ಗಿಸಿಕೊಳ್ಳುವುದು ಸಭ್ಯತೆಯಲ್ಲ. ಹಿರಿಯರಿಗೆ ಎರಡೂ ಕೈಯಲ್ಲಿ ಬಾಟಲಿ ಹಿಡಿದು, ಲೇಬಲ್ ಮೇಲೆ ಮಾಡಿ ಬಗ್ಗಿಸಬೇಕು. ಕುಡಿಯದವರ ಉಪಾಯ ಒಂದೇ, ಮಗ್ಗು ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಖಾಲಿ ಕಂಡರೆ ಪಕ್ಕದವರು ಪ್ರೀತಿಯಿಂದಲೇ ಏನೋ ಸುರಿದುಬಿಡುತ್ತಾರೆ.

ಕೊನೆಗೆ ಎಲ್ಲರೂ ಎದ್ದು ನಿಂತು ಒಟ್ಟಿಗೆ ಚಪ್ಪಾಳೆ: ಮೂರು, ಮೂರು, ಮೂರು, ಒಂದು. ಅಲ್ಲಿಗೆ ಕೂಟ ಮುಗಿಯಿತು. ಎರಡನೇ ಸುತ್ತಿಗೆ ಹೊರಡುವವರಿಗೆ "ಕೊನೆಯ ರೈಲು" ಅಂದರೆ ಸಾಕು, ಬಿಟ್ಟುಬಿಡುತ್ತಾರೆ. ಯಾರೂ ಗಾಡಿ ತರುವುದಿಲ್ಲ. ಒಂದು ಲೀಟರ್ ಉಸಿರಿನಲ್ಲಿ 0.15 ಮಿಲಿಗ್ರಾಂ ಆಲ್ಕೋಹಾಲ್ ಸಿಕ್ಕರೂ ಕೇಸು. ಓಡಿಸಿದವನಿಗಷ್ಟೇ ಅಲ್ಲ, ಓಡಿಸುತ್ತಾನೆಂದು ಗೊತ್ತಿದ್ದೂ ಕುಡಿಸಿದವರಿಗೆ, ಪಕ್ಕ ಕೂತು ಬಂದವರಿಗೂ ಶಿಕ್ಷೆ. ನಮ್ಮ ಕಡೆ ದಿಬ್ಬಣದ ಜೀಪುಗಳಿಗೆ ಈ ಕಾಯಿದೆ ಬಂದರೆ ಎಷ್ಟು ಜನ ಉಳಿಯುತ್ತಾರೋ! ಇದನ್ನು ಮಾತ್ರ ಸಾಗರದವರಿಗೆ ಓದಬೇಡ.

ಊಟದ್ದೇ ನಿಜವಾದ ಪೇಚು. ಮಾಂಸ ಬೇಡ ಅಂದರೆ ಸಾಲದು, ಸಾರಿನ ಬುಡವೇ ಒಣಮೀನು. ಹುದುಗಿಸಿದ ಸೋಯಾದ ಮಿಸೊ ಸೂಪು, ಬಜ್ಜಿಯಂಥ ತೆಂಪುರಾ ಅದ್ದುವ ರಸ, ಸೋಯಾ ಹಾಲಿನ ಪನೀರಿನಂಥ ತೋಫುವನ್ನು ಬಿಸಿಯಾಗಿ ಕೊಡುವಾಗಿನ ರಸ, ಎಲ್ಲದರಲ್ಲೂ ಅದೇ. ತಣ್ಣನೆಯ ತೋಫು ಕೊಡುವಾಗಲೂ ಮೇಲೆ ಒಣಮೀನಿನ ತುರಿ ಉದುರಿಸುತ್ತಾರೆ, "ಕತ್ಸುಒಬುಶಿ ನುಕಿ", ಅಂದರೆ ಆ ತುರಿ ಬೇಡ ಅಂತ ಮೊದಲೇ ಹೇಳಿದರೆ ಹಾಕುವುದಿಲ್ಲ. ಉಪ್ಪು ಹಾಕಿ ಬೇಯಿಸಿದ ಎಡಮಾಮೆ ಅನ್ನುವ ಎಳೆ ಸೋಯಾಕಾಯಿ, ಬರೀ ಸೋಯಾ ಸಾಸಿನ ಜೊತೆ ತೋಫು, ಉಮೆ ಅನ್ನುವ ಹುಳಿ ಹಣ್ಣಿನ ಉಪ್ಪಿನಕಾಯಿ ಇಟ್ಟ ಅನ್ನದ ಉಂಡೆ, ಆಲೂಗಡ್ಡೆ ಫ್ರೈ, ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ಜಾಗ ಕಾದಿರಿಸುವಾಗಲೇ ತಿಳಿಸಿದ್ದರೆ ಕಡಲಪಾಚಿ ಕೊಂಬುವಿನ ಸಾರಲ್ಲಿ ತರಕಾರಿ ಬೇಯಿಸಿಕೊಡುವ ಅಡುಗೆಯವರೂ ಸಿಗುತ್ತಾರೆ, ಅಲ್ಲೇ ಕೂತು ಕೇಳಿದರೆ ಆಗದು.

ಒಂದು ತಮಾಷೆ. ಕುಡಿಯುವವರು ಕೂಟಕ್ಕೆ ಮೊದಲು ಅಂಗಡಿಯಿಂದ ಏನು ತಂದು ಕುಡಿಯುತ್ತಾರೆ ಗೊತ್ತಾ? ಅರಿಶಿನದ ರಸ! ಮರುದಿನ ತಲೆ ಹಿಡಿಯಬಾರದು ಅಂತ, "ಉಕೊನ್ ನೋ ಚಿಕಾರ" ಅನ್ನುವ ಪುಟ್ಟ ಡಬ್ಬಿ. ಅಜ್ಜಿಗೆ ಹೇಳು, ಖುಷಿಪಡುತ್ತಾಳೆ.

ಆದರೆ ಅಮ್ಮ, ಸಾಗರದವರು ಜಾತಕ ವಾಪಸು ಕೇಳಿದರಾ, ಇಲ್ಲವಾ? ಅದನ್ನೇ ನೀನು ಬರೆದಿಲ್ಲ. ಹುಡುಗ ಏನಂದ? ಅವನೂ ಬೆಂಗಳೂರಲ್ಲಿ ಆಫೀಸಿನ ಪಾರ್ಟಿಗೆ ಹೋಗುವವನೇ ತಾನೆ? ಅವನನ್ನು ಯಾರೂ ಕೇಳಲಿಲ್ಲವಲ್ಲ. ನನಗೇನೂ ಬೇಜಾರಿಲ್ಲ, ನಿಜವಾಗಿಯೂ ಇಲ್ಲ, ನೀನು ನಿದ್ದೆಗೆಡಬೇಡ. ಆ ಫೋಟೊ ಅಳಿಸಿಹಾಕು ಅಂತ ಸುಧಾಗೆ ಹೇಳಬೇಡ, ಅಳಿಸಿದರೆ ಏನೋ ಮುಚ್ಚಿಟ್ಟ ಹಾಗಾಗುತ್ತದೆ.

ಅಪ್ಪನ ಬಿ.ಪಿ. ಮಾತ್ರೆ ತಪ್ಪಿಸಬೇಡ. ರೈಲಿಗೆ ಹೊತ್ತಾಯ್ತು, ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ
ಗೀತಾ